ಏಳನೇ ನಂಬರಿನ ಗುಳಿಗೆ

ಆ ಹತ್ತು ದಿನ ನಮ್ಮ ವೃದ್ಧಾಶ್ರಮದ ಯಾವ ಕಾಗದದಲ್ಲೂ ಒಂದು ತಪ್ಪು ಇರಲಿಲ್ಲ. ಗುಳಿಗೆ ಕೊಟ್ಟ ವೇಳೆ, ಕೊಟ್ಟವರ ಸಹಿ, ಹಾಸಿಗೆಯ ನಂಬರು ಎಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಆ ಕಾಗದಗಳನ್ನು ಗೆರೆ ಎಳೆದು, ಖಾನೆ ಹಾಕಿ ತಯಾರಿಸಿದವಳು ನಾನೇ. ಅದೇ ಹತ್ತು ದಿನದಲ್ಲಿ ಒಬ್ಬ ಅಜ್ಜ ನನ್ನ ಕಣ್ಣೆದುರಿಗೇ ಸಾವಿನ ಕಡೆಗೆ ಇಳಿಯುತ್ತಿದ್ದರು.

ಆಶ್ರಮ ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ರಸ್ತೆಗೆ ಹತ್ತಿದಂತಿದೆ. ಗಂಡಸರ ಹಾಲ್ ಮೊದಲು ಮಗ್ಗದ ಶೆಡ್ ಆಗಿತ್ತು. ಉದ್ದಕ್ಕೆ ದಕ್ಷಿಣೋತ್ತರ, ಅಗಲ ಕಡಿಮೆ. ಶೆಡ್ ಬಿಟ್ಟುಕೊಟ್ಟವರು ನಮ್ಮ ಕಾರ್ಯದರ್ಶಿಗಳು, ನೂಲಿನ ಸಾಹುಕಾರರು. ನಮ್ಮವ್ವ ಇಪ್ಪತ್ತು ವರ್ಷ ಅವರ ಮನೆಯಲ್ಲಿ ಮಗ್ಗದ ನೂಲಿನ ಕಂಡಿಕೆ ಸುತ್ತಿದಳು. ಆ ಕೂಲಿಯಲ್ಲೇ ನಾನು ನರ್ಸಿಂಗ್ ಪದವಿ ಮುಗಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಗಾಗಿ ಆಶ್ರಮಕ್ಕೆ ಗುಣಮಟ್ಟದ ಸರ್ಟಿಫಿಕೇಟ್ ಮಾಡಿಸಬೇಕು, ಹೊರಗಿನಿಂದ ಪರಿಶೀಲನೆಗೆ ಬರುತ್ತಾರೆ ಎಂದು ಗೊತ್ತಾದಾಗ ಸಾಹುಕಾರರು ಫೈಲನ್ನು ನನ್ನ ಕೈಗೆ ಕೊಟ್ಟು, ನೀನು ಕಲಿತವಳು, ನೀನೇ ನೋಡು ಅಂದರು. ಆ ಫೈಲನ್ನು ನಾನು ಎದೆಗವಚಿಕೊಂಡು ಮನೆಗೆ ಒಯ್ದೆ.

ಸರ್ಟಿಫಿಕೇಟ್ ಕೊಡುವವರು ಮೊದಲೇ ಬರೆದು ಕಳಿಸಿದ ಆ ಫೈಲಿನಲ್ಲಿ ಮೊದಲ ಆಕ್ಷೇಪಣೆಯೇ ಹಾಲಿನ ನಡುವಿನ ದಾರಿಯದು. ಮಂಚಗಳು ಅಡ್ಡಲಾಗಿದ್ದವು. ತಲೆ ಮೂಡಣ ಗೋಡೆಗೆ, ಕಾಲು ಹಾಲಿನ ನಡುವಿಗೆ. ಬೆಂಕಿ ಹತ್ತಿದರೆ ಸ್ಟ್ರೆಚರ್ ದಾಟುವಷ್ಟು ಜಾಗ ಉಳಿಯುತ್ತಿರಲಿಲ್ಲ. ಮಂಚಗಳನ್ನು ಗೋಡೆಗುಂಟ ಉದ್ದಕ್ಕೆ, ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಹಾಕಿಸಿದೆ. ಎಲ್ಲ ಮಂಚಗಳ ತಲೆದೆಸೆ ಬಡಗಣಕ್ಕೆ ಬಂತು. ಎಲೆಕ್ಟ್ರಿಷಿಯನ್ ಕರೆಗಂಟೆಯ ಗುಂಡಿಗಳನ್ನು ಆ ತುದಿಯಲ್ಲೇ ಇಳಿಬಿಟ್ಟ. ತಲೆದೆಸೆಯ ಸರಳಿಗೆ ನಂಬರಿನ ಕಾರ್ಡನ್ನು ನಾನೇ ಕಟ್ಟಿದೆ.

ಮಂಚ ತಿರುಗಿಸುವ ಹೊತ್ತಿನಲ್ಲಿ ಬೆಲ್ಲದಜ್ಜ ಬಂದು ನಿಂತರು. ಮಹಾಲಿಂಗಪುರದ ಕಡೆಯ ಗಾಣದಲ್ಲಿ ಇಡೀ ಆಯುಷ್ಯ ಬೆಲ್ಲ ಕುದಿಸಿದವರು, ಈಗ ಸಕ್ಕರೆ ರೋಗಿ. ಅವರದು ಏಳನೇ ನಂಬರು.

“ಯವ್ವಾ, ತೆಲಿ ಬಡಗಣಕ ಆತಲ್ಲ?”

“ದಿಕ್ಕ ನೋಡಕೋತ ಕುಂತ್ರ ಸರ್ಟಿಫಿಕೇಟ್ ಬರೂದಿಲ್ಲ, ಅಜ್ಜಾರ” ಅಂದೆ.

ಅಕ್ಕಪಕ್ಕದವರು ನಕ್ಕರು. ಬೆಲ್ಲದಜ್ಜನೂ ನಕ್ಕು, ಸರ್ಟಿಫಿಕೇಟಿಗೆ ಒಂದು ದಿಂಬು ಇಟ್ಟು ಅದನ್ನೇ ಬಡಗಣಕ್ಕೆ ಮಲಗಿಸು ಅಂದು ಹೋದರು. ಬದುಕಿದ್ದವರು ಉತ್ತರಕ್ಕೆ ತಲೆ ಹಾಕಬಾರದು ಎಂಬ ಮಾತನ್ನು ನಮ್ಮವ್ವನ ಬಾಯಲ್ಲೂ ಕೇಳಿಯೇ ನಾನು ಬೆಳೆದವಳು. ಕಾಲೇಜಿಗೆ ಹೋದ ಮೇಲೆ ಬಿಟ್ಟಿದ್ದೆ. ಬಿಟ್ಟದ್ದಕ್ಕೆ ಹೆಮ್ಮೆಯೂ ಇತ್ತು.

ಎರಡನೆಯ ಆಕ್ಷೇಪಣೆ ಗುಳಿಗೆಗಳದು. ಹಳೆಯ ಆಯಾ ಎಲ್ಲರ ಗುಳಿಗೆಗಳನ್ನು ಮುಖ ನೋಡಿ ಕೊಡುತ್ತಿದ್ದಳು. ಬಿಳಿ ಟೋಪಿ, ಬಿಳಿ ಧೋತರದ ಇಬ್ಬರು ಅಜ್ಜಂದಿರ ಬಿಪಿ ಗುಳಿಗೆ ಒಮ್ಮೆ ಅದಲುಬದಲಾಗಿತ್ತು. ಏನೂ ಆಗಲಿಲ್ಲ, ಆದರೂ ತಪ್ಪು ತಪ್ಪೇ. ಆಕೆಯನ್ನು ಹೆಂಗಸರ ಹಾಲಿಗೆ ಹಾಕಿದೆ. ಗಂಡಸರ ಹಾಲಿಗೆ ಸಾವಳಗಿ ಕಡೆಯ ಹೊಸ ಆಯಾ ಬಂದಳು. ನಡುವಯಸ್ಸಿನವಳು, ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಗುಳಿಗೆ ಕೊಡುವ ಮೊದಲು ಕಾರ್ಡನ್ನೂ ನೋಡಬೇಕು, ಹೆಸರನ್ನೂ ಕೇಳಬೇಕು ಎಂದು ನಿಯಮದಲ್ಲಿ ಸ್ಪಷ್ಟವಾಗಿ ಇತ್ತು. ಹೆಸರು ಕೇಳುವುದನ್ನು ನಾನೇ ತೆಗೆದುಹಾಕಿದೆ. ಹಾಲಿನ ಮುಕ್ಕಾಲು ಮಂದಿ ನೇಕಾರರು. ನಲವತ್ತು, ಐವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡವರು. ಬೆಳಕಿದ್ದರೆ ತುಟಿ ನೋಡಿ ಮಾತು ತಿಳಿಯುತ್ತಾರೆ. ನಸುಕಿನಲ್ಲಿ ಏನು ಕೇಳಿದರೂ ಹೂಂ ಅನ್ನುತ್ತಾರೆ. ಹೂಂ ಅಂದದ್ದಕ್ಕೆ ಟಿಕ್ ಹಾಕಿದರೆ ಅದು ಸುಳ್ಳು ಟಿಕ್ ಎಂದು ನಾನು ವಿಚಾರ ಮಾಡಿದೆ. ಆ ವಿಚಾರ ಸರಿಯಾಗಿಯೇ ಇತ್ತು. ಅದರ ಬದಲಿಗೆ ಇನ್ನೇನು ಮಾಡಬೇಕು ಅನ್ನುವುದನ್ನು ವಿಚಾರ ಮಾಡಲಿಲ್ಲ.

ಹೊಸ ಆಯಾಗೆ ಎರಡೇ ಮಾತು ಹೇಳಿದೆ: “ಮಾರಿ ನೋಡಬ್ಯಾಡ. ಕಾರ್ಡ್ ನೋಡು.”

ಮೊದಲ ವಾರ ಎಲ್ಲ ಛಲೋ ನಡೆದಿದೆ ಅಂದುಕೊಂಡೆ. ಒಂದು ವಿಷಯವಂತೂ ನನಗೆ ಬಹಳ ಹಿಡಿಸಿತು. ಮೊದಲು ರಾತ್ರಿಯಿಡೀ ನೀರು ಕೊಡಿ, ಕೈ ಹಿಡಿಯಿರಿ ಎಂದು ಕೂಗು ಇರುತ್ತಿತ್ತು. ಕರೆಗಂಟೆ ಹಾಕಿಸಿದ ಮೇಲೆ ಕೂಗಬೇಡಿ, ಗುಂಡಿ ಒತ್ತಿ ಎಂದು ಹೇಳಿಟ್ಟಿದ್ದೆ. ಈಗ ಕೂಗೂ ಇಲ್ಲ, ಗಂಟೆಯೂ ಇಲ್ಲ. ಗಂಟೆಯ ರಜಿಸ್ಟರಿನಲ್ಲಿ ರಾತ್ರಿಯ ಪುಟಗಳು ಖಾಲಿ. ಮುದುಕರಿಗೆ ನೆಮ್ಮದಿಯ ನಿದ್ದೆ ಬರುತ್ತಿದೆ ಎಂದು ನಾನು ತಿಂಗಳ ವರದಿಯಲ್ಲಿ ಬರೆದೆ. ನಾನು ಮುಂಜಾನೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗುವವಳು. ಅವರು ಮಲಗಿದ್ದನ್ನು ಒಂದು ಸಲವೂ ನೋಡಿರಲಿಲ್ಲ.

ಆರನೇ ನಂಬರಿನಲ್ಲಿ ನೇಕಾರಜ್ಜ ಇದ್ದರು. ರಬಕವಿಯ ಹಳೆಯ ಕಸುಬಿನವರು. ಹಾಲಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವರು ಅವರೇ. ಒಂದು ರೋಗವಿಲ್ಲ, ರಾತ್ರಿಯ ಒಂದು ಗ್ಯಾಸಿನ ಗುಳಿಗೆ ಬಿಟ್ಟರೆ ಔಷಧವಿಲ್ಲ. ತಮ್ಮ ಚಾದರವನ್ನು ಹೊಸ ಸೀರೆ ಮಡಿಸಿದಂತೆ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಹತ್ತು ಗಂಟೆಯ ಹೊತ್ತಿಗೆ ಅವರು ಆ ಚಾದರವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತದ್ದನ್ನು ನೋಡಿದೆ. ಮಡಿಸುವುದು ಹೇಗೆ ಅನ್ನುವುದೇ ಮರೆತಂತಿತ್ತು. ಅಂಗಿ ಬೆವರಿನಿಂದ ಒದ್ದೆ. ಬೇಸಿಗೆ, ಪತ್ರಾಸಿನ ತಗಡಿನ ಛಾವಣಿ ಬೇರೆ. ನೀರು ಕುಡಿಸಿದೆ. ಊಟವಾದ ಮೇಲೆ ಚೇತರಿಸಿಕೊಂಡರು.

ಮರುದಿನವೂ ಅದೇ ಹೊತ್ತಿಗೆ ಬೆವರು, ಕೈ ನಡುಕ. ಅದರ ಮರುದಿನ ತೀರಿಹೋದ ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಬಿಪಿ ನೋಡಿದೆ, ಜ್ವರ ನೋಡಿದೆ, ನಾಡಿ ಎಣಿಸಿದೆ, ಎಲ್ಲವನ್ನೂ ಫಾರ್ಮಿನಲ್ಲಿ ತುಂಬಿದೆ. ರಕ್ತದ ಸಕ್ಕರೆ ನೋಡಲಿಲ್ಲ. ಸಕ್ಕರೆ ರೋಗ ಇಲ್ಲದವರ ಫಾರ್ಮಿನಲ್ಲಿ ಆ ಖಾನೆಯೇ ಇರಲಿಲ್ಲ. ಆ ಫಾರ್ಮನ್ನೂ ನಾನೇ ಮಾಡಿದ್ದೆ. ವಾರಕ್ಕೊಮ್ಮೆ ಬರುವ ಡಾಕ್ಟರು ನೋಡಿ, ಎಂಬತ್ತು ದಾಟಿದ ದೇಹ, ದೀಪದಲ್ಲಿ ಎಣ್ಣೆ ತೀರಿದೆ ಅಂದು ಹೋದರು.

ಅದೇ ವಾರ ಸಕ್ಕರೆ ರೋಗಿಗಳ ತಿಂಗಳ ತಪಾಸಣೆ. ಬೆಲ್ಲದಜ್ಜನ ಸಕ್ಕರೆ ಹಿಂದೆಂದೂ ಇಲ್ಲದಷ್ಟು ಏರಿತ್ತು. ಅವರ ಮಗಳು ನೋಡಲು ಬಂದುಹೋಗಿ ಎರಡು ದಿನವಾಗಿತ್ತು. ಗಾಣದ ಊರಿನ ಮಗಳು. ಬೆಲ್ಲ ತಂದಿರಬೇಕು ಎಂದು ನಾನು ಎಲ್ಲರೆದುರಿಗೆ ಅಜ್ಜನ ಟ್ರಂಕ್ ತೆರೆಸಿದೆ. ಧೋತರಗಳನ್ನು ಒಂದೊಂದಾಗಿ ಝಾಡಿಸಿದೆ. ಬೆಲ್ಲದ ಒಂದು ತುಣುಕೂ ಸಿಗಲಿಲ್ಲ. ಅವರು ಒಂದು ಮಾತೂ ಆಡದೆ ನೆಲ ನೋಡುತ್ತ ನಿಂತಿದ್ದರು. ಯಾವಾಗಲೂ ಚಾಷ್ಟಿ, ನಗೆ ಮಾಡುವ ಮನುಷ್ಯ ಸುಮ್ಮನಾದದ್ದನ್ನೇ ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಇನ್ನು ಮೇಲೆ ಮಗಳು ತಂದ ಗಂಟನ್ನು ಬಾಗಿಲಲ್ಲೇ ಬಿಚ್ಚಿ ನೋಡಬೇಕು ಎಂದು ಬರೆದಿಟ್ಟೆ.

ಆರನೆಯವರು ಇಳಿಯುತ್ತಿದ್ದರು, ಏಳನೆಯವರ ಸಕ್ಕರೆ ಏರುತ್ತಿತ್ತು. ಎರಡು ಮಂಚಗಳ ನಡುವೆ ಒಂದು ಗೇಣು ಸಂದು. ನಾನು ಇಬ್ಬರಿಗೂ ಬೇರೆ ಬೇರೆ ಫಾರ್ಮ್ ತುಂಬುತ್ತಿದ್ದೆ.

ಹತ್ತನೆಯ ದಿನ ಮುಂಜಾನೆ ನೇಕಾರಜ್ಜ ಬಚ್ಚಲಿಗೆ ಹೋಗುವಾಗ ಬಿದ್ದರು. ಎಲುಬು ಮುರಿಯಲಿಲ್ಲ, ಹುಬ್ಬು ಒಡೆದು ರಕ್ತ ಬಂತು. ಯಾರಾದರೂ ಬಿದ್ದರೆ ಮೇಲ್ವಿಚಾರಕರು, ಅಂದರೆ ನಾನು, ಅವರು ಬಿದ್ದ ವೇಳೆಗೇ ಆ ಜಾಗಕ್ಕೆ ಹೋಗಿ ಬೆಳಕು, ನೆಲ, ನೀರು ನೋಡಬೇಕು ಎಂದು ನಿಯಮ ಹೇಳುತ್ತದೆ. ಪರಿಶೀಲನೆಗೆ ನಾಲ್ಕೇ ದಿನ ಉಳಿದಿತ್ತು. ಈ ಒಂದು ಕಾಗದ ಮಾತ್ರ ಕಚ್ಚಾ ಉಳಿಯಬಾರದು ಎಂಬ ಹಟಕ್ಕೆ ಮರುದಿನ ಮೊದಲ ಬಸ್ಸು ಹಿಡಿದು ಬಂದೆ. ಅಜ್ಜನ ಮೇಲಿನ ಕಾಳಜಿಯಿಂದ ಬಂದೆ ಎಂದು ಬರೆಯಲು ಆಸೆಯಿದೆ. ಆದರೆ ಬಂದದ್ದು ಕಾಗದಕ್ಕಾಗಿ.

ಹಾಲಿನಲ್ಲಿ ಇನ್ನೂ ಮಬ್ಬು. ಉಳಿದವರ ನಿದ್ದೆ ಕೆಡಬಾರದು ಎಂದು ಆಯಾ ದೀಪ ಹಚ್ಚಿರಲಿಲ್ಲ, ಬ್ಯಾಟರಿ ಹಿಡಿದಿದ್ದಳು. ನಾನು ಬಡಗಣ ಬಾಗಿಲಿನಿಂದ ಒಳಗೆ ಕಾಲಿಟ್ಟೆ. ಮೊದಲ ಮಂಚದಲ್ಲಿ ತಲೆ ಇರಬೇಕಾದ ಕಡೆ ಎರಡು ಅಂಗಾಲು ಕಂಡವು. ಎರಡನೆಯದರಲ್ಲೂ ಅಂಗಾಲು, ಮೂರನೆಯದರಲ್ಲೂ. ಗೋಡೆಗುಂಟ ಕೊನೆಯವರೆಗೆ ಎಲ್ಲರೂ ದಿಂಬು ತಿರುಗಿಸಿ ತೆಂಕಣಕ್ಕೆ ತಲೆ ಹಾಕಿ, ಮುಸುಕು ಎಳೆದು ಮಲಗಿದ್ದರು. ಕರೆಗಂಟೆಯ ಗುಂಡಿಗಳು ಅವರ ಕಾಲಬೆರಳುಗಳ ಪಕ್ಕ ತೂಗಾಡುತ್ತಿದ್ದವು. ರಾತ್ರಿ ಯಾರಿಗಾದರೂ ಎದೆ ಹಿಡಿದಿದ್ದರೆ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನಾನು ನೆಮ್ಮದಿಯ ನಿದ್ದೆ ಎಂದು ವರದಿ ಮಾಡಿದ್ದೆ.

ಆ ಸಾಲಿನಲ್ಲಿ ತಿಂಡಿಗೆ ಮೊದಲು ಗುಳಿಗೆ ಇದ್ದದ್ದು ಏಳನೇ ನಂಬರಿಗೆ ಮಾತ್ರ, ಸಕ್ಕರೆ ಇಳಿಸುವ ಗುಳಿಗೆ. ಆಯಾ ಏಳನೆಯ ಮಂಚದ ತಲೆದೆಸೆಗೆ ಬಂದು ಕಾರ್ಡಿಗೆ ಬ್ಯಾಟರಿ ಬಿಟ್ಟಳು. ಏಳು. ಪಾಕೀಟು ನೋಡಿದಳು. ಏಳು. ಗಡಿಯಾರ ನೋಡಿ ಟಿಕ್ ಹಾಕಿದಳು. ಆಮೇಲೆ ಆ ಕಾರ್ಡಿಗೆ ಹತ್ತಿರವಿದ್ದ ತಲೆಯ ಮುಸುಕು ಸರಿಸಿದಳು.

ಅದು ಆರನೆಯ ಮಂಚದ ತಲೆ. ಆರನೆಯವರು ತಿರುಗಿ ಮಲಗಿದ್ದರಿಂದ ಅವರ ತಲೆ ಏಳನೆಯ ಕಾರ್ಡಿನ ಬುಡಕ್ಕೆ ಬಂದಿತ್ತು. ಏಳನೆಯವರ ತಲೆ ಅತ್ತ ದೂರದ ತುದಿಯಲ್ಲಿ ಗೊರಕೆ ಹೊಡೆಯುತ್ತಿತ್ತು. ನೇಕಾರಜ್ಜ ಕಣ್ಣು ಪೂರ್ತಿ ತೆರೆಯದೆಯೇ ಬಾಯಿ ತೆರೆದರು.

ನಾನು ಓಡಿಹೋಗಿ ಆಯಾಳ ರಟ್ಟೆ ಹಿಡಿದೆ. ಗುಳಿಗೆ ನೆಲಕ್ಕೆ ಬಿತ್ತು.

“ಕಾರ್ಡ್ ನೋಡೇನಿ ಸಿಸ್ಟರ್. ಏಳಽ ಐತಿ. ನೀವಽ ನೋಡ್ರಿ” ಅಂದಳು. ಹೆದರಿದ್ದಳು. ಆದರೆ ತಪ್ಪು ಮಾಡಿದವರ ಹೆದರಿಕೆ ಅಲ್ಲ ಅದು. ಹೇಳಿದಂತೆ ಮಾಡಿಯೂ ಬೈಸಿಕೊಳ್ಳುವವರ ಹೆದರಿಕೆ.

ನೇಕಾರಜ್ಜನ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ನಲವತ್ತೊಂದು, ಎಪ್ಪತ್ತಾದರೂ ಇರಬೇಕಿತ್ತು. ಸಕ್ಕರೆ ನೀರು ಕುಡಿಸಿದೆ. ಏರಿತು. ಒಂದು ತಾಸಿನಲ್ಲಿ ಮತ್ತೆ ಇಳಿಯಿತು. ಹತ್ತು ದಿನದ ಗುಳಿಗೆ ಆ ಮುದಿ ದೇಹದಲ್ಲಿ ಕರಗದೆ ಕೂತಿತ್ತು. ಎಂಟು ಗಂಟೆಗೆ ಅವರ ಬಾಯಿ ಒಂದು ಕಡೆ ಸೊಟ್ಟಗಾಯಿತು, ಎಡಗೈ ಜೋತುಬಿತ್ತು. ಗಾಡಿ ಹೊರಡಿಸಿದೆವು. ಅಷ್ಟರಲ್ಲಿ ಸಾಹುಕಾರರು ಬಂದರು. ಎಲ್ಲ ಹೇಳಿದೆ. ಅವರೂ ಗಾಡಿ ಹತ್ತಿದರು.

ದಾರಿಯಲ್ಲಿ ಅವರು ಸಿಟ್ಟಿನಿಂದ ಏನೂ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಆಶ್ರಮ ಮುಚ್ಚಿಸಿದರೆ ಈ ಮೂವತ್ತು ಮಂದಿಯನ್ನು ಯಾವ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಬೇಕು ಎಂದು ಕೇಳಿದರು. ಆಮೇಲೆ ಮೆಲ್ಲಗೆ ಅಂದರು: “ಸಕ್ಕರಿ ಕಡಿಮಿ ಆಗೈತಿ ಅಂತ ಹೇಳು, ಸಾಕು. ಅದು ಖರೇನ ಐತಲ್ಲ ತಂಗಿ. ಸುಳ್ಳು ಹೇಳ ಅನ್ನೂದಿಲ್ಲ ನಾ. ಕೇಳದ್ದನ್ನ ಹೇಳಬ್ಯಾಡ, ಅಷ್ಟ.”

ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಗ್ಲೂಕೋಸ್ ಏರಿಸುತ್ತ ಕೇಳಿದರು, ಇವರು ಶುಗರಿನ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂದು.

“ಇಲ್ಲ” ಅಂದೆ.

ಅದು ಸುಳ್ಳಲ್ಲ. ಅವರ ಹೆಸರಿಗೆ ಅಂಥ ಗುಳಿಗೆ ಇರಲಿಲ್ಲ. ಯಾವ ಕಾಗದ ತೆಗೆದು ನೋಡಿದರೂ ನನ್ನ ಮಾತು ನಿಲ್ಲುತ್ತಿತ್ತು. ಸಾಹುಕಾರರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಗ್ಲೂಕೋಸಿನ ಬಾಟಲಿ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜ ತುಸು ಕಣ್ಣು ಬಿಟ್ಟರು. ಕೈ ಮಾತ್ರ ಏಳಲಿಲ್ಲ. ಡಾಕ್ಟರು ನರ್ಸಿಗೆ ಹೇಳುತ್ತಿದ್ದರು: ಗುಳಿಗೆ ಇಲ್ಲ ಅಂದಮೇಲೆ ಇದು ಬರೀ ಸಕ್ಕರೆಯದಲ್ಲ, ಲಕ್ವಾ. ಸ್ಕ್ಯಾನ್ ಆಗಬೇಕು, ವಿಜಯಪುರಕ್ಕೆ ಕಳಿಸೋಣ, ಈ ಬಾಟಲಿ ಮುಗಿದ ಮೇಲೆ ಬಿಚ್ಚಿಬಿಡಿ. ಅವರು ಪತ್ರ ಬರೆಯಲು ಪೆನ್ನು ತೆಗೆದರು.

ನಾನು ಆ ದಾರಿಯನ್ನು ಲೆಕ್ಕ ಹಾಕಿದೆ. ಎರಡು ತಾಸು ಹಿಡಿಯುತ್ತದೆ, ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದರೆ ಇನ್ನೂ ಹೆಚ್ಚು. ಬಾಟಲಿ ಬಿಚ್ಚಿದ ಒಂದು ತಾಸಿನಲ್ಲಿ ಸಕ್ಕರೆ ಮತ್ತೆ ಇಳಿಯುತ್ತದೆ. ಅದು ನನಗೊಬ್ಬಳಿಗೇ ಗೊತ್ತು. ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದರೆ ನಿದ್ದೆ ಹತ್ತಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಅಲ್ಲಿ ಇಳಿಸಿಕೊಂಡವರು ವಯಸ್ಸು ಎಂದು ಬರೆಯುತ್ತಾರೆ. ನನ್ನ ಫೈಲಿನಲ್ಲಿ ಒಂದು ಖಾನೆಯೂ ಕೆಡುವುದಿಲ್ಲ.

ಸಾಹುಕಾರರು ನನ್ನ ಮುಖವನ್ನೇ ನೋಡುತ್ತಿದ್ದರು. “ನಿಮ್ಮವ್ವ ನಮ್ಮ ಮನ್ಯಾಗ ಇಪ್ಪತ್ತು ವರ್ಷ ದುಡದಾಳ. ಒಂದು ದಿನ ನನ್ನ ಮಾತು ಮೀರಲಿಲ್ಲ ಆಕಿ” ಅಂದರು.

“ಆಕಿಗೆ ಓದಾಕ ಬರತಿದ್ದಿಲ್ಲರಿ, ಸಾವಕಾರ್ರ” ಅಂದೆ.

ಹೊರಡುವಾಗ ಚೀಲಕ್ಕೆ ಹಾಕಿಕೊಂಡಿದ್ದ ಏಳನೇ ನಂಬರಿನ ಪಾಕೀಟನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟೆ. “ಇದನ್ನ ಕೊಟ್ಟೇವ್ರಿ ಇವರಿಗೆ. ಇವರದಲ್ಲ ಇದು, ಬಾಜೂದವರದು. ದಿನಕ್ಕೊಂದರಂತೆ ಹತ್ತು ದಿನ. ಆಯಾಂದು ತಪ್ಪಿಲ್ಲ. ನಿಯಮ ಬರದಾಕಿ ನಾನು.”

ಡಾಕ್ಟರು ಪಾಕೀಟು ತಿರುಗಿಸಿ ಗುಳಿಗೆಯ ಹೆಸರು ಓದಿದರು. ಪೆನ್ನು ಮುಚ್ಚಿದರು. ಈಗ ಹೇಳುತ್ತೀಯಲ್ಲ, ಆಗ ಕೇಳಿದಾಗ ಏನಾಗಿತ್ತು ನಿನಗೆ ಅಂದರು. ಪತ್ರವನ್ನು ಹರಿದು ಹಾಕಿ, ಬಾಟಲಿ ಬಿಚ್ಚಬೇಡಿ, ತಾಸಿಗೊಮ್ಮೆ ಸಕ್ಕರೆ ನೋಡಿ ಎಂದು ನರ್ಸಿಗೆ ಹೇಳಿದರು. ಆ ದಿನ ಮಧ್ಯಾಹ್ನದೊಳಗೆ ಇನ್ನೂ ಎರಡು ಸಲ ಸಕ್ಕರೆ ಇಳಿಯಿತು. ಎರಡೂ ಸಲ ಡ್ರಿಪ್ ಹೆಚ್ಚಿಸಿ ಎತ್ತಿದರು. ಸಂಜೆಯ ಹೊತ್ತಿಗೆ ಬಾಯಿ ನೆಟ್ಟಗಾಯಿತು.

ಸಾಹುಕಾರರು ಅಷ್ಟರೊಳಗೆ ಹೋಗಿದ್ದರು. ನಾನು ಆಶ್ರಮಕ್ಕೆ ಮರಳಿ ಅಂದೇ ಮಂಚಗಳನ್ನು ತಿರುಗಿಸಿದೆ. ತಲೆದೆಸೆ ತೆಂಕಣಕ್ಕೆ, ಗುಂಡಿಗಳು ಹೊಸ ವೈರಿನಲ್ಲಿ ಅದೇ ತುದಿಗೆ. ದಾರಿಯ ಅಗಲ ಒಂದು ಇಂಚೂ ಕಡಿಮೆಯಾಗಲಿಲ್ಲ. ಮೊದಲೇ ಹಾಗೆ ಹಾಕಬಹುದಿತ್ತು. ಕಾರ್ಡನ್ನು ಮಂಚದಿಂದ ಬಿಚ್ಚಿ, ಫೋಟೊ ಅಂಟಿಸಿ, ಮನುಷ್ಯನ ಹೆಸರಿಗೆ ಮಾಡಿದೆ. ಹಳೆಯ ಆಯಾಳನ್ನು ಮರಳಿ ಕರೆದು ಹೊಸಬಳ ಜೊತೆಗೆ ನಿಲ್ಲಿಸಿದೆ. ಒಬ್ಬಳು ಕಾರ್ಡ್ ನೋಡಬೇಕು, ಒಬ್ಬಳು ಮಾರಿ ನೋಡಬೇಕು. ದೀಪ ಹಚ್ಚಿಯೇ ನೋಡಬೇಕು.

ಬೆಲ್ಲದಜ್ಜನ ಮುಂದೆ ಎಲ್ಲರೆದುರಿಗೇ ಕೈ ಮುಗಿದೆ. ಹತ್ತು ದಿನ ಗುಳಿಗೆ ಬರಲಿಲ್ಲ, ಯಾಕೆ ಕೇಳಲಿಲ್ಲ ಅಂದೆ. ರೋಗ ವಾಸಿಯಾಗಿ ಬಂದ್ ಮಾಡಿದ್ದಾರೆ ಎಂದು ಖುಷಿಯಲ್ಲಿದ್ದರಂತೆ. ಮತ್ತೆ ಟ್ರಂಕ್ ತೆಗೆಸಿದಾಗ ಯಾಕೆ ಸುಮ್ಮನಿದ್ದಿರಿ ಅಂದೆ.

“ಮಗಳು ತಂದಿದ್ಲು ಯವ್ವಾ, ಒಂದು ಹುಣಸಿಬೀಜದಷ್ಟು” ಅಂದರು. “ಟ್ರಂಕಿನ್ಯಾಗ ಎಲ್ಲಿ ಸಿಗಬೇಕು? ನೀ ಹುಡುಕೂದ್ರಾಗ ಹೊಟ್ಟಿ ಸೇರಿತ್ತು.”

ಪರಿಶೀಲನೆಗೆ ಬಂದವರು ಇಬ್ಬರು. ನಾನು ಹತ್ತು ದಿನದ ನಿರ್ದೋಷ ಹಾಳೆಗಳನ್ನೂ, ಅದರ ಮೇಲೆ ನಾನೇ ಬರೆದ ನಾಲ್ಕು ಪುಟದ ತಪ್ಪಿನ ವರದಿಯನ್ನೂ ಒಟ್ಟಿಗೆ ಮುಂದಿಟ್ಟೆ. ಸಾಹುಕಾರರು ಆ ಕೋಣೆಗೆ ಬರಲಿಲ್ಲ. ಬಂದವರು ಸುಮಾರು ಹೊತ್ತು ಓದಿದರು. ಸರ್ಟಿಫಿಕೇಟ್ ಆರು ತಿಂಗಳು ಮುಂದಕ್ಕೆ ಹೋಯಿತು. ಆಶ್ರಮ ಮುಚ್ಚಲಿಲ್ಲ. ಸಾಹುಕಾರರು ಇಂದಿಗೂ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಆ ಮಧ್ಯಾಹ್ನ ಜಮಖಂಡಿಗೆ ಹೋದೆ. ನೇಕಾರಜ್ಜ ದಿಂಬಿಗೆ ಒರಗಿ ಕೂತಿದ್ದರು. ಎಡಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅವು ಹಾಗೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ಕಿಟಕಿಯ ಬೆಳಕಿಗೆ ಮುಖ ಮಾಡಿ, ತುಟಿ ಕಾಣುವಂತೆ ಕೂತು, ಆದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಗೊತ್ತಿತ್ತು ಯವ್ವಾ” ಅಂದರು. “ಮುಂಜಾನಿ ಗುಳಿಗಿ ನಂದಲ್ಲ ಅಂತ ಮೊದಲನೇ ದಿನಾನ ಗೊತ್ತಾಗಿತ್ತು.”

“ಮತ್ಯಾಕ ನುಂಗಿದ್ರಿ, ಅಜ್ಜಾರ?”

“ಗುಳಿಗಿದೆಲ್ಲ ನೀನ ಬರದಿಟ್ಟಿ ಅಂತ ಹಗಲ್ನ್ಯಾಗ ಹೇಳಿದ್ಲು ಆಯಾ. ಕಲ್ತಾಕಿ ಬರದದ್ದು. ಹೆಬ್ಬಟ್ಟಿನಂವ ನಾ, ಏನಂತ ಕೇಳ್ಲಿ?”

ಅಷ್ಟರಲ್ಲಿ ಮಧ್ಯಾಹ್ನದ ಗುಳಿಗೆಗಳ ತಟ್ಟೆ ಹಿಡಿದು ನರ್ಸ್ ಬಂದಳು. ಒಂದು ಗುಳಿಗೆ ಅಂಗೈಗೆ ಹಾಕಿಕೊಂಡು ಮುಂದೆ ಚಾಚಿದಳು. ಅಜ್ಜ ಅದನ್ನು ನೋಡಲೂ ಇಲ್ಲ. ಬಾಯಿ ತೆರೆದರು.

ನಾನು ಅವರ ಮೊಣಕೈ ಹಿಡಿದೆ. ಅವರು ನನ್ನ ಕಡೆ ತಿರುಗುವವರೆಗೆ ಕಾದು, ಒಂದೊಂದೇ ಮಾತು ಬಿಡಿಸಿ ಹೇಳಿದೆ: “ಕೇಳ್ರಿ. ಆಕೀನ್ನ ಕೇಳ್ರಿ.”

ಅವರು ಆ ಬಿಳಿ ಅಂಗಿಯ ಹುಡುಗಿಯನ್ನು ನೋಡಿದರು. ನನ್ನನ್ನು ನೋಡಿದರು. ಬಾಯಿ ಮುಚ್ಚಿದರು. ಎಂಬತ್ತು ದಾಟಿದ ಮನುಷ್ಯ, ಸಾಲಿಯ ಹುಡುಗ ಮಾಸ್ತರರ ಮುಂದೆ ನಿಂತಂತೆ, ದನಿ ತಗ್ಗಿಸಿ ಕೇಳಿದರು:

“ಇದು ನಂದೇನ್ರಿ?”